ಮರಿಗೆ ತಾಯಿ ಯಾರು? ಓಟದ ಒಂಟೆಗಳಲ್ಲಿ ಭ್ರೂಣ ವರ್ಗಾವಣೆ ಮತ್ತು ತಳಿ ನಿಯಮಗಳು

ಒಮಾನಿನಲ್ಲಿ ನೆಲೆಸಿರುವ ನಮ್ಮಲ್ಲಿ ಹೆಚ್ಚಿನವರಿಗೆ ಒಂಟೆ ಎಂದರೆ ರಸ್ತೆಗೆ ಅಡ್ಡ ಬರುವ ಪ್ರಾಣಿ. ಸಲಾಲಾಕ್ಕೆ ಖರೀಫ್ ನೋಡಲು ಹೊರಟಾಗ ಕಾರು ನಿಲ್ಲಿಸಿ, ಮಕ್ಕಳಿಗೆ ತೋರಿಸಿ, ಒಂದು ಫೋಟೊ ತೆಗೆದು ಮುಂದೆ ಹೋಗುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಇದ್ದೆ. ಒಂದು ಚಳಿಗಾಲದ ಶುಕ್ರವಾರ ಬೆಳಿಗ್ಗೆ ಬರ್ಕಾ ಕಡೆ ಮನೆಮಂದಿಯೊಂದಿಗೆ ಹೋಗಿದ್ದಾಗ ಒಂದು ಒಂಟೆ ಕೊಟ್ಟಿಗೆಯ ಬಳಿ ನಿಂತೆವು. ಕಪ್ಪು ಬಣ್ಣದ, ದಪ್ಪ ಮೈಯ ಹೆಣ್ಣೊಂಟೆಯೊಂದರ ಹಿಂದೆ ತೆಳ್ಳಗಿನ, ಉದ್ದ ಕಾಲಿನ, ತಿಳಿ ಬಣ್ಣದ ಮರಿಯೊಂದು ಹಾಲಿಗಾಗಿ ಸುತ್ತುತ್ತಿತ್ತು. ಮಗಳು ಕೇಳಿದಳು: "ಅಪ್ಪಾ, ಇದು ಅದರ ಅಮ್ಮನಾ? ಒಂಚೂರೂ ಹೋಲಿಕೆಯೇ ಇಲ್ಲ." ನೋಡಿಕೊಳ್ಳುವ ಹುಡುಗ ನಕ್ಕು ಹಿಂದಿಯಲ್ಲಿ ಹೇಳಿದ: "ಹೆತ್ತದ್ದು ಇದೇ. ಆದರೆ ಅಮ್ಮ ಬೇರೆ. ಅವಳು ಓಡೋಕೆ ಹೋಗಿದ್ದಾಳೆ."

ಆ ಮಾತು ಮನೆಗೆ ಬಂದ ಮೇಲೂ ಬಿಡಲಿಲ್ಲ. ಹೆತ್ತವಳು ಇಲ್ಲಿದ್ದು ಅಮ್ಮ ಬೇರೆ ಕಡೆ ಓಡುತ್ತಿರುವುದು ಹೇಗೆ? ಅಂಥ ಮರಿಗೆ ಓಟದಲ್ಲಿ ಭಾಗವಹಿಸುವ ಹಕ್ಕು ಇದೆಯೇ? ಅದರ ವಂಶಾವಳಿಯಲ್ಲಿ ಯಾರ ಹೆಸರು ಬರೆಯುತ್ತಾರೆ? ಓದುತ್ತಾ ಹೋದಾಗ ಇದು ಒಂಟೆಗಳ ಮಾತಷ್ಟೇ ಅಲ್ಲ, ಬೆಂಗಳೂರಿನ ಕುದುರೆ ರೇಸು, ಅಮೆರಿಕದ ಗಾಡಿ ಕುದುರೆ ಓಟ, ನಮ್ಮ ಅಮೃತಮಹಲ್ ಹಸುಗಳವರೆಗೂ ಚಾಚಿರುವ ಪ್ರಶ್ನೆ ಎಂದು ತಿಳಿಯಿತು. ತಿಳಿದುಕೊಂಡದ್ದನ್ನು ಸಂಘದ ಬಂಧುಗಳ ಮುಂದಿಡುವ ಪ್ರಯತ್ನವೇ ಈ ಲೇಖನ.

ಒಮಾನಿನ ಒಂಟೆ ಓಟ

ಒಮಾನಿನಲ್ಲಿ ಒಂಟೆಗೆ ಎರಡು ಬಗೆಯ ಓಟವಿದೆ. ಒಂದು 'ಅರ್ದಾ': ಇಬ್ಬರು ಸವಾರರು ಅಕ್ಕಪಕ್ಕದಲ್ಲಿ ಪ್ರಾಣಿಗಳನ್ನು ಸಮವಾಗಿ ಓಡಿಸುತ್ತಾ ಕೈ ಕೈ ಹಿಡಿದು ತೋರುವ ಪ್ರದರ್ಶನ. ಅದರಲ್ಲಿ ಗೆಲ್ಲುವವರು ಸೋಲುವವರು ಇಲ್ಲ. ಕುದುರೆ ಮತ್ತು ಒಂಟೆಗಳ ಈ ಅರ್ದಾವನ್ನು ಯುನೆಸ್ಕೊ 2018ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇನ್ನೊಂದು ಸ್ಪರ್ಧೆಯ ಓಟ. ಒಮಾನ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ಜೊತೆಯಾಗಿ ಸಲ್ಲಿಸಿದ ಒಂಟೆ ಓಟದ ಪರಂಪರೆ 2020ರಲ್ಲಿ ಅದೇ ಪಟ್ಟಿಗೆ ಸೇರಿತು. ಬರ್ಕಾ ಬಳಿಯ ಫುಲೈಜ್, ದಾಖಿಲಿಯಾದ ಆದಂ, ಶರ್ಕಿಯಾದ ಬಿದಿಯಾ ಮೊದಲಾದ ಕಡೆ ಈ ಓಟಗಳು ನಡೆಯುತ್ತವೆ. ಅರಮನೆಯ ಆಡಳಿತಕ್ಕೆ ಸೇರಿದ ರಾಯಲ್ ಕ್ಯಾಮೆಲ್ ಕೋರ್ ಮತ್ತು ಒಮಾನ್ ಒಂಟೆ ಓಟದ ಒಕ್ಕೂಟ ಈ ಕ್ಷೇತ್ರದ ಮುಖ್ಯ ಸಂಸ್ಥೆಗಳು.

ಓಟದಲ್ಲಿ ಪ್ರಾಣಿಗಳನ್ನು ವಯಸ್ಸಿನಂತೆ ವಿಂಗಡಿಸುತ್ತಾರೆ. ಎಳೆಯವು ಹಖಾಯಿಖ್, ಅನಂತರ ಲಖಾಯಾ, ಆಮೇಲೆ ಥನಾಯಾ, ಪೂರ್ತಿ ಬೆಳೆದ ಹೆಣ್ಣುಗಳು ಹೂಲ್, ಗಂಡುಗಳು ಝಮೂಲ್, ಹೀಗೆ ಹೆಸರುಗಳಿವೆ. ವಯಸ್ಸು ಹೆಚ್ಚಿದಂತೆ ಓಟದ ದೂರವೂ ಹೆಚ್ಚುತ್ತದೆ. ನಮ್ಮ ಕಂಬಳದಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ಕೋಣಗಳನ್ನು ವಿಂಗಡಿಸುವುದನ್ನು ಬಲ್ಲವರಿಗೆ ಇದು ಹೊಸತೆನಿಸದು. ಸಮಾನರ ನಡುವೆ ಸ್ಪರ್ಧೆ ಇರಬೇಕು ಎಂಬುದೇ ಎರಡರ ಮೂಲ ತತ್ವ.

ಆದರೆ ಒಂದು ವ್ಯತ್ಯಾಸವಿದೆ. ಕಂಬಳದ ಗದ್ದೆಯಲ್ಲಿ ಓಡುವುದು ಕೋಣ. ಒಂಟೆ ಓಟದಲ್ಲಿ ಹೆಚ್ಚು ಬೆಲೆ ಹೆಣ್ಣೊಂಟೆಗೆ. ಹೆಣ್ಣು ಹಗುರ, ಹೇಳಿದ ಮಾತು ಕೇಳುತ್ತದೆ. ಚಳಿಗಾಲದಲ್ಲಿ ಗಂಡಿಗೆ ಮದವೇರಿದರೆ ಅದನ್ನು ಹಿಡಿಯುವುದು ಕಷ್ಟ. ಓಟದ ಕಾಲವೂ ಚಳಿಗಾಲ, ಒಂಟೆ ಬೆದೆಗೆ ಬರುವ ಕಾಲವೂ ಚಳಿಗಾಲ. ಸಮಸ್ಯೆ ಶುರುವಾಗುವುದು ಇಲ್ಲಿಯೇ.

ಒಂಟೆಯ ಲೆಕ್ಕಾಚಾರ

ನಮ್ಮ ಮನೆಯ ಹಸು ಒಂಬತ್ತು ತಿಂಗಳಿಗೆ ಕರು ಹಾಕುತ್ತದೆ. ಕುದುರೆಗೆ ಹನ್ನೊಂದು ತಿಂಗಳು. ಒಂಟೆಗೆ ಸುಮಾರು ಹದಿಮೂರು ತಿಂಗಳು. ಹೆಣ್ಣು ಪ್ರಾಯಕ್ಕೆ ಬರುವುದೇ ಮೂರು ನಾಲ್ಕು ವರ್ಷಕ್ಕೆ. ಈದ ಮೇಲೆ ಮರಿಗೆ ಹಾಲೂಡಿಸುವ ಅವಧಿಯೂ ಸೇರಿದರೆ, ಸಾಮಾನ್ಯವಾಗಿ ಎರಡು ವರ್ಷಕ್ಕೆ ಒಂದು ಮರಿ. ಅವಳಿ ಮರಿ ಹುಟ್ಟುವುದು ಬಹಳ ಅಪರೂಪ.

ಈಗ ಒಬ್ಬ ಬೆದು ಮಾಲೀಕನ ಬಳಿ ಗೆಲ್ಲುವ ಹೆಣ್ಣೊಂಟೆಯೊಂದಿದೆ ಎಂದಿಟ್ಟುಕೊಳ್ಳಿ. ಅದನ್ನು ಗಬ್ಬ ಕಟ್ಟಿಸಿದರೆ ಎರಡು ಚಳಿಗಾಲದ ಓಟ ಹೋಯಿತು. ಓಡಿಸುತ್ತಲೇ ಇದ್ದರೆ ವಯಸ್ಸಾಗುವವರೆಗೆ ಮರಿಯಿಲ್ಲ. ಓಟ ಬೇಕೋ, ಸಂತಾನ ಬೇಕೋ ಎಂಬ ಈ ಇಕ್ಕಟ್ಟು ತಲೆಮಾರುಗಳಿಂದಲೂ ಇತ್ತು. ಗಂಡಿಗೆ ಈ ತೊಂದರೆಯಿಲ್ಲ. ಒಳ್ಳೆಯ ಗಂಡೊಂದು ಒಂದೇ ಋತುವಿನಲ್ಲಿ ಹತ್ತಾರು ಹೆಣ್ಣುಗಳಿಗೆ ಮರಿ ಕೊಡಬಲ್ಲದು. ಹೆಣ್ಣಿನ ಗುಣ ಮಾತ್ರ ಗರ್ಭದ ಈ ನಿಧಾನ ಲೆಕ್ಕಕ್ಕೆ ಕಟ್ಟುಬಿದ್ದಿತ್ತು. ಆ ಕಟ್ಟನ್ನು ಬಿಡಿಸಿದ್ದು ಭ್ರೂಣ ವರ್ಗಾವಣೆ.

ಭ್ರೂಣ ವರ್ಗಾವಣೆ ಹೇಗೆ ನಡೆಯುತ್ತದೆ?

ಹೆಸರು ದೊಡ್ಡದು, ವಿಷಯ ಸರಳ. ಒಬ್ಬಳ ಗರ್ಭಕೋಶದಲ್ಲಿ ಮೊಳೆತ ಕೆಲವೇ ದಿನಗಳ ಭ್ರೂಣವನ್ನು ತೊಳೆದು ತೆಗೆದು ಇನ್ನೊಬ್ಬಳ ಗರ್ಭಕೋಶದಲ್ಲಿ ಇಡುವುದು. ಮೊದಲನೆಯವಳು ದಾನಿ ತಾಯಿ, ಎರಡನೆಯವಳು ಬಾಡಿಗೆ ತಾಯಿ.

ಒಂಟೆಯ ವಿಷಯದಲ್ಲಿ ಕೆಲವು ವಿಶೇಷಗಳಿವೆ. ಹಸುವಿನಲ್ಲಿ ಅಂಡಾಣು ತಾನಾಗಿ ಬಿಡುಗಡೆಯಾಗುತ್ತದೆ. ಒಂಟೆಯಲ್ಲಿ ಹಾಗಲ್ಲ, ಗಂಡಿನೊಡನೆ ಕೂಡಿದ ಮೇಲೆಯೇ, ಒಂದೆರಡು ದಿನದೊಳಗೆ, ಅಂಡಾಣು ಹೊರಬರುತ್ತದೆ. ವೀರ್ಯದ ದ್ರವದಲ್ಲಿರುವ ಒಂದು ಪ್ರೋಟೀನು ಮಿದುಳಿಗೆ ಆ ಸಂದೇಶ ಕೊಡುತ್ತದೆ ಎಂಬುದನ್ನು ವಿಜ್ಞಾನಿಗಳು 2012ರಲ್ಲಿ ಖಚಿತಪಡಿಸಿದರು. ಹೀಗಾಗಿ ಬಾಡಿಗೆ ತಾಯಿಯನ್ನು ಸಿದ್ಧಗೊಳಿಸಲು ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಅವಳಲ್ಲೂ ಅಂಡಾಣು ಬಿಡುಗಡೆಯಾಗುವಂತೆ ಮಾಡಬೇಕು. ಇಲ್ಲದಿದ್ದರೆ ಅವಳ ದೇಹಕ್ಕೆ ಗರ್ಭ ಧರಿಸುವ ಸಿದ್ಧತೆಯೇ ಇರುವುದಿಲ್ಲ.

ಕ್ರಮ ಹೀಗೆ. ದಾನಿ ಒಂಟೆಗೆ ಹಾರ್ಮೋನ್ ಕೊಟ್ಟು ಒಂದರ ಬದಲು ಹಲವು ಅಂಡಾಣುಗಳು ಬೆಳೆಯುವಂತೆ ಮಾಡುತ್ತಾರೆ. ಆಯ್ದ ಗಂಡಿನೊಡನೆ ಕೂಡಿಸುತ್ತಾರೆ. ಅಂಡಾಣು ಬಿಡುಗಡೆಯಾದ ಏಳೆಂಟು ದಿನಕ್ಕೆ ಒಂಟೆಯನ್ನು ಮಂಡಿಯೂರಿ ಕೂರಿಸಿ, ತೆಳುವಾದ ಕೊಳವೆಯ ಮೂಲಕ ಗರ್ಭಕೋಶಕ್ಕೆ ಶುದ್ಧ ದ್ರಾವಣ ಬಿಟ್ಟು ವಾಪಸ್ ತೆಗೆಯುತ್ತಾರೆ. ಶಸ್ತ್ರಚಿಕಿತ್ಸೆ ಇಲ್ಲ. ಆ ದ್ರಾವಣವನ್ನು ಸೋಸಿ ಸೂಕ್ಷ್ಮದರ್ಶಕದಲ್ಲಿ ಭ್ರೂಣ ಹುಡುಕುತ್ತಾರೆ. ಸಿಕ್ಕಿದ ಒಂದೊಂದನ್ನೂ ಒಂದೊಂದು ಬಾಡಿಗೆ ತಾಯಿಯ ಗರ್ಭಕೋಶದ ಎಡ ಕವಲಿನಲ್ಲಿ ಇಡುತ್ತಾರೆ. ಎಡಗಡೆಯೇ ಏಕೆಂದರೆ, ಒಂಟೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಗರ್ಭಗಳೂ ಎಡ ಕವಲಿನಲ್ಲೇ ಬೆಳೆಯುತ್ತವೆ. ಬಲ ಅಂಡಾಶಯದಿಂದ ಬಂದ ಭ್ರೂಣವೂ ಎಡಕ್ಕೇ ಸರಿದು ಹೋಗುತ್ತದೆ.

ಇಲ್ಲಿ ದಿನದ ಲೆಕ್ಕ ಬಹಳ ಮುಖ್ಯ. ಗರ್ಭ ನಿಲ್ಲದ ಒಂಟೆಯಲ್ಲಿ ಗರ್ಭವನ್ನು ಪೋಷಿಸುವ ಹಾರ್ಮೋನ್ ಎಂಟು ಹತ್ತು ದಿನಕ್ಕೇ ಇಳಿದುಹೋಗುತ್ತದೆ. ಅಷ್ಟರೊಳಗೆ 'ನಾನು ಬಂದಿದ್ದೇನೆ' ಎಂದು ಭ್ರೂಣ ತಿಳಿಸಬೇಕು. ಅದಕ್ಕಾಗಿ ಬಾಡಿಗೆ ತಾಯಿಯ ಅಂಡಾಣು ದಾನಿಯ ದಿನವೇ ಅಥವಾ ಒಂದು ದಿನ ತಡವಾಗಿ ಬಿಡುಗಡೆಯಾಗುವಂತೆ ನೋಡಿಕೊಳ್ಳುತ್ತಾರೆ. ಇಟ್ಟ ಎಲ್ಲ ಭ್ರೂಣಗಳೂ ನಿಲ್ಲುವುದಿಲ್ಲ. ನಿಂತಿತೋ ಇಲ್ಲವೋ ಎಂಬುದನ್ನು ಇಂದು ಅಲ್ಟ್ರಾಸೌಂಡ್ ಹೇಳುತ್ತದೆ. ಆದರೆ ಬೆದು ಜನರಿಗೆ ಅದಕ್ಕೂ ಮೊದಲೇ ಒಂದು ಪರೀಕ್ಷೆ ಗೊತ್ತಿತ್ತು: ಗಬ್ಬವಾದ ಹೆಣ್ಣೊಂಟೆಯ ಹತ್ತಿರ ಗಂಡು ಬಂದರೆ ಅದು ಬಾಲವನ್ನು ಮೇಲೆತ್ತಿ ಸುರುಳಿ ಮಾಡುತ್ತದೆ. ಇಂದಿನ ಪ್ರಯೋಗಾಲಯದವರೂ ಆ ಬಾಲವನ್ನು ಗಮನಿಸುತ್ತಾರೆ.

ಕುದುರೆ ಸಾಕುವವರಿಗೆ ಕೃತಕ ಗರ್ಭಧಾರಣೆ ಸುಲಭ. ಒಂಟೆಯಲ್ಲಿ ಅದು ಕಷ್ಟ. ಒಂಟೆಯ ವೀರ್ಯ ಅಂಟಂಟಾಗಿದ್ದು ಅದನ್ನು ಹೆಪ್ಪುಗಟ್ಟಿಸಿ ಕಾಪಿಡುವುದು ತ್ರಾಸದ ಕೆಲಸ. ಹಸುಗಳಲ್ಲಿ ಮೊದಲು ಕೃತಕ ಗರ್ಭಧಾರಣೆ ಊರೂರಿಗೆ ಹರಡಿ, ಭ್ರೂಣ ವರ್ಗಾವಣೆ ಅದರ ಹಿಂದೆ ಬಂತು. ಒಂಟೆಗಳಲ್ಲಿ ಭ್ರೂಣ ವರ್ಗಾವಣೆಯೇ ಮುಂದೆ ಓಡಿತು.

ಇಂಗ್ಲೆಂಡಿನ ಮೊಲದಿಂದ ಅಲ್ ಐನ್ ಒಂಟೆಯವರೆಗೆ

ಈ ವಿದ್ಯೆ ಹೊಸದೇನಲ್ಲ. ವಾಲ್ಟರ್ ಹೀಪ್ ಎಂಬ ವಿಜ್ಞಾನಿ 1890ರಲ್ಲಿ ಇಂಗ್ಲೆಂಡಿನಲ್ಲಿ ಅಂಗೋರಾ ಮೊಲದ ಭ್ರೂಣಗಳನ್ನು ಬೆಲ್ಜಿಯನ್ ಜಾತಿಯ ಮೊಲಕ್ಕೆ ವರ್ಗಾಯಿಸಿದ. ಹುಟ್ಟಿದ ಮರಿಗಳಲ್ಲಿ ಅಂಗೋರಾ ಮರಿಗಳು ಅಂಗೋರಾಗಳಾಗಿಯೇ ಉಳಿದವು. ಹೊತ್ತ ತಾಯಿ ಮರಿಯ ಜಾತಿಯನ್ನು ಬದಲಿಸುವುದಿಲ್ಲ ಎಂಬುದು ಅಂದೇ ಗೊತ್ತಾಯಿತು. ಕುದುರೆಗಳಲ್ಲಿ ಜಪಾನಿನ ವಿಜ್ಞಾನಿಗಳು 1970ರ ದಶಕದ ಆರಂಭದಲ್ಲಿ ಯಶಸ್ವಿಯಾದರು. ನಮ್ಮ ದೇಶದಲ್ಲಿ ಬಿಕಾನೇರಿನ ಕೇಂದ್ರ ಸರ್ಕಾರಿ ಅಶ್ವ ಸಂಶೋಧನಾ ಕೇಂದ್ರದಲ್ಲಿ ಮಾರ್ವಾರಿ ಕುದುರೆಯ ಭ್ರೂಣ ವರ್ಗಾವಣೆಯಿಂದ 'ರಾಜ್ ಪ್ರಥಮ್' ಎಂಬ ಮರಿ ಹುಟ್ಟಿದ್ದು 2023ರಲ್ಲಿ.

ಓಟದ ಒಂಟೆಗಳಲ್ಲಿ ಈ ಕೆಲಸ ಬಲಗೊಂಡದ್ದು ನಮ್ಮ ಬುರೈಮಿಯ ಗಡಿಯಾಚೆ, ಅಲ್ ಐನ್‌ನಲ್ಲಿ. 1980ರ ದಶಕದ ಕೊನೆಯಲ್ಲಿ ಅಲ್ಲಿ ಆರಂಭವಾದ ಕೇಂದ್ರದಲ್ಲಿ ಆಸ್ಟ್ರೇಲಿಯಾದ ಪಶುವೈದ್ಯ ಅಲೆಕ್ಸ್ ಟಿನ್ಸನ್ ಮತ್ತು ಸಂಗಡಿಗರು 1990ರಲ್ಲಿ ಭ್ರೂಣ ವರ್ಗಾವಣೆಯಿಂದ ಮರಿಗಳನ್ನು ಪಡೆದರು. ದುಬೈಯ ಒಂಟೆ ಸಂತಾನೋತ್ಪತ್ತಿ ಕೇಂದ್ರದಲ್ಲಿ 1998ರಲ್ಲಿ ಒಂಟೆ ಮತ್ತು ಲಾಮಾಗಳ ಮಿಶ್ರಣವಾದ 'ರಾಮಾ' ಹುಟ್ಟಿತು. ಅದೇ ಊರಿನಲ್ಲಿ 2009ರ ಏಪ್ರಿಲ್‌ನಲ್ಲಿ ಜಗತ್ತಿನ ಮೊದಲ ತದ್ರೂಪಿ ಒಂಟೆ 'ಇಂಜಾಝ್' ಹುಟ್ಟಿತು. ಆ ತಂಡದ ಮುಂದಾಳು ಕಾಶ್ಮೀರ ಮೂಲದ ಡಾ. ನಿಸಾರ್ ವಾನಿ. ಒಮಾನಿನ ಒಂಟೆಗಳಿಗೆ ವೇಗದ ವಿಷಯದಲ್ಲಿ ಇಡೀ ಕೊಲ್ಲಿಯಲ್ಲಿ ಹಿಂದಿನಿಂದಲೂ ಹೆಸರಿದೆ. ಹೀಗಾಗಿ ಒಮಾನಿ ರಕ್ತದ ಒಳ್ಳೆಯ ಹೆಣ್ಣುಗಳಿಗೆ ಗಡಿಯಾಚೆಯೂ ಬೇಡಿಕೆ.

ತಾಯಿ ಯಾರು?

ಮಗಳ ಪ್ರಶ್ನೆಗೆ ಈಗ ಬರೋಣ. ನಮ್ಮ ಪುರಾಣ ಬಲ್ಲವರಿಗೆ ಬಲರಾಮನ ಕಥೆ ನೆನಪಾಗದೆ ಇರದು. ದೇವಕಿಯ ಗರ್ಭದಿಂದ ರೋಹಿಣಿಯ ಗರ್ಭಕ್ಕೆ ಸೆಳೆಯಲ್ಪಟ್ಟವನಾದ್ದರಿಂದ ಅವನಿಗೆ ಸಂಕರ್ಷಣ ಎಂಬ ಹೆಸರು. ಕಥೆಯನ್ನು ವಿಜ್ಞಾನವೆಂದು ಹೇಳಬೇಕಾಗಿಲ್ಲ. ಆದರೆ ಹೊತ್ತವಳು ಯಾರು, ಮೂಲ ಯಾರು ಎಂಬ ಪ್ರಶ್ನೆ ಮನುಷ್ಯರಿಗೆ ಹಳೆಯದು ಎಂಬುದಕ್ಕೆ ಅದು ಸಾಕ್ಷಿ.

ವಿಜ್ಞಾನದ ಉತ್ತರದಲ್ಲಿ ಎರಡು ಪಾಲು. ಮರಿಯ ವಂಶವಾಹಿಗಳು ಬರುವುದು ಅಂಡಾಣು ಕೊಟ್ಟ ದಾನಿ ತಾಯಿಯಿಂದ ಮತ್ತು ಗಂಡಿನಿಂದ. ಬಾಡಿಗೆ ತಾಯಿಯ ವಂಶವಾಹಿ ಒಂದೂ ಬರುವುದಿಲ್ಲ. ಬಣ್ಣ, ಮೂಳೆಯ ಉದ್ದ, ಓಟದ ಗುಣದ ಆನುವಂಶಿಕ ಭಾಗ ಎಲ್ಲವೂ ದಾನಿಯ ಕಡೆಯವು. ಆದ್ದರಿಂದಲೇ ಬರ್ಕಾದ ಆ ಮರಿಗೂ ಕಪ್ಪೊಂಟೆಗೂ ಹೋಲಿಕೆಯಿರಲಿಲ್ಲ.

ಆದರೆ ಬಾಡಿಗೆ ತಾಯಿ ಬರೀ ಪಾತ್ರೆಯಲ್ಲ. ಇಂಗ್ಲೆಂಡಿನ ವಾಲ್ಟನ್ ಮತ್ತು ಹ್ಯಾಮಂಡ್ 1938ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಭಾರಿ ಗಾತ್ರದ ಶೈರ್ ಕುದುರೆಯನ್ನೂ ಕುಳ್ಳ ಶೆಟ್‌ಲ್ಯಾಂಡ್ ಕುದುರೆಯನ್ನೂ ಕೃತಕ ಗರ್ಭಧಾರಣೆಯಿಂದ ಎರಡೂ ದಿಕ್ಕಿನಲ್ಲಿ ಕೂಡಿಸಿದರು. ಮರಿಗಳಲ್ಲಿ ಎರಡೂ ತಳಿಯ ಪಾಲು ಸಮ. ಆದರೂ ದೊಡ್ಡ ತಾಯಿಯ ಹೊಟ್ಟೆಯಲ್ಲಿ ಬೆಳೆದದ್ದು ದೊಡ್ಡದಾಗಿ, ಕುಳ್ಳ ತಾಯಿಯ ಹೊಟ್ಟೆಯಲ್ಲಿ ಬೆಳೆದದ್ದು ಚಿಕ್ಕದಾಗಿ ಹುಟ್ಟಿದವು. ಗರ್ಭಕೋಶದ ಜಾಗ, ತಿಂದ ಮೇವು, ಕುಡಿದ ನೀರು ಇವೆಲ್ಲ ಮರಿಯ ಮೈಗೆ ಸೇರುತ್ತವೆ.

ಇನ್ನೊಂದು ಮುಖ್ಯ ವಿಷಯ ಗಿಣ್ಣು ಹಾಲು. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲೇ ಮಗುವಿಗೆ ದಾಟುತ್ತದೆ. ಒಂಟೆ, ಕುದುರೆ, ಹಸುಗಳಲ್ಲಿ ಮಾಸಿನ ರಚನೆ ಬೇರೆ. ಅಲ್ಲಿ ಆ ಶಕ್ತಿ ದಾಟುವುದಿಲ್ಲ. ಹುಟ್ಟಿದ ಮೊದಲ ಗಂಟೆಗಳಲ್ಲಿ ಕುಡಿದ ಗಿಣ್ಣಿನಿಂದಲೇ ಅದು ಬರಬೇಕು. ಅಂದರೆ ಚಾಂಪಿಯನ್ ತಾಯಿಯ ಮರಿಯನ್ನು ಮೊದಲ ವಾರಗಳ ರೋಗಗಳಿಂದ ಕಾಯುವುದು, ಹೆಸರಿಲ್ಲದ ಆ ಕಪ್ಪೊಂಟೆಯ ಹಾಲು. ವಂಶಾವಳಿಯಲ್ಲಿ ಅವಳಿಗೆ ಜಾಗವಿಲ್ಲ. ಮರಿಯ ಜೀವದಲ್ಲಿ ಇದೆ.

ವಂಶಾವಳಿಯಲ್ಲಿ ತಾಯಿಗೆ ಇಷ್ಟು ಮಹತ್ವ ಏಕೆ ಎಂದು ತುಳುನಾಡಿನ ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಅಳಿಯಸಂತಾನ ಕಟ್ಟಿನಲ್ಲಿ ಬಳಿ ತಾಯಿಯಿಂದ ಬರುವಂತೆ, ಅರಬ್ಬೀ ಕುದುರೆಗಳ ಕುಹೈಲಾನ್, ಸಕ್ಲಾವಿ ಮೊದಲಾದ ಮನೆತನಗಳನ್ನೂ ಬೆದು ಜನ ತಾಯಿಯ ಕಡೆಯಿಂದಲೇ ಎಣಿಸುತ್ತಿದ್ದರು. ಅಂಥಲ್ಲಿ 'ತಾಯಿ ಯಾರು' ಎಂಬುದರಲ್ಲಿ ಸುಳ್ಳು ಸೇರಿದರೆ ಇಡೀ ಮನೆತನವೇ ಸುಳ್ಳಾಗುತ್ತದೆ.

ಒಂದೊಂದು ಓಟಕ್ಕೆ ಒಂದೊಂದು ನಿಯಮ

ಇದೇ ಪ್ರಶ್ನೆಗೆ ಜಗತ್ತಿನ ಬೇರೆ ಬೇರೆ ಓಟಗಳು ಬೇರೆ ಬೇರೆ ಉತ್ತರ ಕೊಟ್ಟಿವೆ.

ಎಲ್ಲಕ್ಕಿಂತ ಕಟ್ಟುನಿಟ್ಟು ಥರೋಬ್ರೆಡ್ ಕುದುರೆಗಳದ್ದು. ಬೆಂಗಳೂರು, ಮೈಸೂರು ರೇಸ್‌ಕೋರ್ಸುಗಳಲ್ಲಿ ಓಡುವುದು ಈ ಜಾತಿ. ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರಂ ನಮಗೆಲ್ಲ ಗೊತ್ತು; ಹೈದರ್ ಟಿಪ್ಪು ಕಾಲದ ಅಶ್ವದಳದ ನೆನಪಿರುವ ಜಾಗ ಅದು. ಇಂಥ ಫಾರಂಗಳಲ್ಲಿ ಗಂಡು ಹೆಣ್ಣು ಸಹಜವಾಗಿ ಕೂಡಿ, ಆ ತಾಯಿಯೇ ಹೊತ್ತು ಹೆತ್ತ ಮರಿಗೆ ಮಾತ್ರ ವಂಶಾವಳಿ ಪುಸ್ತಕದಲ್ಲಿ ಜಾಗ. ಕೃತಕ ಗರ್ಭಧಾರಣೆಯೂ ಇಲ್ಲ, ಭ್ರೂಣ ವರ್ಗಾವಣೆಯೂ ಇಲ್ಲ. ಪುಣೆಯಲ್ಲಿರುವ ಭಾರತದ ಸ್ಟಡ್ ಬುಕ್ ಪ್ರಾಧಿಕಾರವೂ ಈ ಜಾಗತಿಕ ನಿಯಮದ ಒಳಗೇ ಇದೆ.

ಅಮೆರಿಕದಲ್ಲಿ ಜನಪ್ರಿಯವಾದ ಇನ್ನೊಂದು ಓಟ ಹಾರ್ನೆಸ್ ರೇಸಿಂಗ್. ಕುದುರೆಯ ಬೆನ್ನ ಮೇಲೆ ಸವಾರನಿರುವುದಿಲ್ಲ. ಎರಡು ಚಕ್ರದ ಹಗುರ ಗಾಡಿಯಲ್ಲಿ ಕುಳಿತು ಓಡಿಸುತ್ತಾನೆ. ಕುದುರೆ ನಾಗಾಲೋಟಕ್ಕೆ ಬೀಳದೆ ನಿಗದಿತ ನಡಿಗೆಯಲ್ಲೇ ಓಡಬೇಕು. ಉತ್ತರ ಕರ್ನಾಟಕದ ಎತ್ತಿನ ಗಾಡಿ ಓಟವನ್ನು ನೋಡಿದವರಿಗೆ ಗಾಡಿಯ ಕಲ್ಪನೆ ಬಂದೀತು. ಈ ಓಟದ ಕುದುರೆಗೆ ಸ್ಟ್ಯಾಂಡರ್ಡ್‌ಬ್ರೆಡ್ ಎಂಬ ಹೆಸರು ಬಂದದ್ದು 1879ರಲ್ಲಿ ಗೊತ್ತುಮಾಡಿದ ಒಂದು ಮಟ್ಟದಿಂದ: ಒಂದು ಮೈಲಿಯನ್ನು ಎರಡೂವರೆ ನಿಮಿಷದಲ್ಲಿ ಮುಗಿಸಬೇಕು. ಅಂದರೆ ಮೊದಲಿಗೆ ರಕ್ತಕ್ಕಿಂತ ಗಡಿಯಾರವೇ ಅಳತೆಗೋಲು. ಇಂದಿನ ಸ್ಟ್ಯಾಂಡರ್ಡ್‌ಬ್ರೆಡ್‌ಗಳಲ್ಲಿ ಬಹುಪಾಲಿನ ಮೂಲಪುರುಷ ಹ್ಯಾಂಬಲ್ಟೋನಿಯನ್ ಎಂಬ ಒಂದೇ ಗಂಡು. 1849ರಲ್ಲಿ ಹುಟ್ಟಿ 1876ರಲ್ಲಿ ಸತ್ತ ಅವನಿಗೆ 1,331 ಮರಿಗಳು. ಈ ಓಟದವರು ಕೃತಕ ಗರ್ಭಧಾರಣೆಯನ್ನೂ, ಡಿಎನ್‌ಎ ಪರೀಕ್ಷೆಯ ಷರತ್ತಿನ ಮೇಲೆ ಭ್ರೂಣ ವರ್ಗಾವಣೆಯನ್ನೂ ಒಪ್ಪಿದ್ದಾರೆ. ಬಾಗಿಲು ತೆರೆದ ಮೇಲೆ ಬೇಲಿಯೂ ಬೇಕಾಯಿತು: ಒಂದು ಗಂಡು ಒಂದು ವರ್ಷದಲ್ಲಿ 140ಕ್ಕಿಂತ ಹೆಚ್ಚು ಹೆಣ್ಣುಗಳಿಗೆ ಮರಿ ಕೊಡಬಾರದೆಂಬ ಮಿತಿಯನ್ನು ಅಲ್ಲಿನ ಸಂಸ್ಥೆ ತಂದಿತು. ಅದೇ ಸಂಖ್ಯೆಯ ಮಿತಿಯನ್ನು ಅಮೆರಿಕದ ಥರೋಬ್ರೆಡ್ ಸಂಸ್ಥೆ 2020ರಲ್ಲಿ ಪ್ರಕಟಿಸಿ, ವಿರೋಧ ಬಂದಾಗ 2022ರಲ್ಲಿ ಹಿಂದೆಗೆದುಕೊಂಡಿತು.

ಮೂರನೆಯದು ಅಮೆರಿಕದ ಕ್ವಾರ್ಟರ್ ಕುದುರೆ. ಅಲ್ಲಿ ಭ್ರೂಣ ವರ್ಗಾವಣೆಗೆ ಒಪ್ಪಿಗೆಯಿತ್ತು. ಆದರೆ ಒಬ್ಬ ತಾಯಿಗೆ ವರ್ಷಕ್ಕೆ ಒಂದೇ ಮರಿಯ ನೋಂದಣಿ. ಮಾಲೀಕರು ಟೆಕ್ಸಾಸಿನ ನ್ಯಾಯಾಲಯಕ್ಕೆ ಹೋದರು. ಗಂಡಿಗೆ ವರ್ಷಕ್ಕೆ ನೂರಾರು ಮರಿ ನೋಂದಾಯಿಸಬಹುದಾದರೆ ಹೆಣ್ಣಿಗೆ ಒಂದೇ ಏಕೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವೇ. ಕೊನೆಗೆ 2002ರಲ್ಲಿ ಆ ಮಿತಿ ಹೋಯಿತು. ತದ್ರೂಪಿಗಳ ವಿಷಯದಲ್ಲಿ ಮಾತ್ರ ಸಂಸ್ಥೆ ಬಾಗಲಿಲ್ಲ. ಆ ಮೊಕದ್ದಮೆಯಲ್ಲಿ 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಸಂಸ್ಥೆಯ ಪರ ತೀರ್ಪು ಕೊಟ್ಟಿತು.

ನಾಲ್ಕನೆಯದು ನಮ್ಮ ಸುತ್ತಲಿನ ಅರಬ್ಬೀ ಕುದುರೆ. ವಿಶ್ವ ಅರಬ್ಬೀ ಕುದುರೆ ಸಂಸ್ಥೆ ಕೃತಕ ಗರ್ಭಧಾರಣೆ ಮತ್ತು ಭ್ರೂಣ ವರ್ಗಾವಣೆಯ ಮರಿಗಳನ್ನು ಒಪ್ಪುತ್ತದೆ, ತದ್ರೂಪಿಯನ್ನು ಒಪ್ಪುವುದಿಲ್ಲ. ಆ ಸಂಸ್ಥೆಯ 2009ರ ಸಮ್ಮೇಳನ ನಡೆದದ್ದು ನಮ್ಮ ಮಸ್ಕತ್‌ನಲ್ಲೇ. ತದ್ರೂಪಿಯಲ್ಲಿ ತಾಯಿಯ ಪ್ರಶ್ನೆ ಎಷ್ಟು ಗೋಜಲಾಗುತ್ತದೆಂಬುದಕ್ಕೆ ಒಂದೇ ಉದಾಹರಣೆ ಸಾಕು: ಇಟಲಿಯಲ್ಲಿ 2003ರಲ್ಲಿ ಹುಟ್ಟಿದ ಮೊದಲ ತದ್ರೂಪಿ ಕುದುರೆ ಪ್ರೊಮೆಟಿಯಾಳನ್ನು ಹೊತ್ತು ಹೆತ್ತದ್ದು, ಅವಳು ಯಾರ ತದ್ರೂಪಿಯೋ ಅದೇ ಕುದುರೆ. ಅವಳು ತಾಯಿಯೋ, ಅವಳಿ ಅಕ್ಕನೋ?

ಒಂಟೆ ಓಟದ ದಾರಿ ಇವೆಲ್ಲಕ್ಕಿಂತ ಸಡಿಲ. ಇಲ್ಲಿ ಥರೋಬ್ರೆಡ್‌ನಂತೆ ಮುಚ್ಚಿದ ಪುಸ್ತಕವಿಲ್ಲ. ಮರಿ ಹೇಗೆ ಹುಟ್ಟಿತೆಂಬುದಕ್ಕಿಂತ ಅದರ ವಯಸ್ಸು, ಲಿಂಗ, ತಳಿ ಸರಿಯಾಗಿದೆಯೇ, ಇದೇ ಆ ಪ್ರಾಣಿಯೇ ಎಂಬುದು ಮುಖ್ಯ. ಅದಕ್ಕಾಗಿ ಚರ್ಮದಡಿ ಮೈಕ್ರೋಚಿಪ್, ಹಲ್ಲು ನೋಡಿ ವಯಸ್ಸಿನ ಪರೀಕ್ಷೆ. ನ್ಯಾಯಕ್ಕಾಗಿ ಇನ್ನೊಂದು ಉಪಾಯವೂ ಕೊಲ್ಲಿಯಲ್ಲಿದೆ: ಶೇಖರ ಒಂಟೆಗಳಿಗೆ ಒಂದು ಓಟ, ಬುಡಕಟ್ಟಿನ ಜನರ ಒಂಟೆಗಳಿಗೆ ಬೇರೆ ಓಟ. ಪ್ರಯೋಗಾಲಯವನ್ನೇ ಕಟ್ಟಿಸಬಲ್ಲವನ ಒಂಟೆಯ ಜೊತೆ ನಾಲ್ಕು ಒಂಟೆ ಸಾಕಿದವನ ಒಂಟೆ ಓಡಬೇಕಾಗಿಲ್ಲ ಎಂಬುದು ಅದರ ತಿರುಳು.

ಈ ಸಮಾಜ ನಿಯಮ ಬದಲಿಸಬಲ್ಲದು ಎಂಬುದಕ್ಕೂ ಸಾಕ್ಷಿಯಿದೆ. ಒಂದು ಕಾಲಕ್ಕೆ ಕೊಲ್ಲಿಯ ಒಂಟೆಗಳ ಮೇಲೆ ದಕ್ಷಿಣ ಏಷ್ಯಾ ಮತ್ತು ಸುಡಾನಿನ ಪುಟ್ಟ ಮಕ್ಕಳನ್ನು ಕೂರಿಸಿ ಓಡಿಸುತ್ತಿದ್ದರು. 2005ರಲ್ಲಿ ಕತಾರ್ ಮತ್ತು ಎಮಿರೇಟ್ಸ್ ಅದನ್ನು ಕಾನೂನಿನಿಂದ ನಿಲ್ಲಿಸಿದವು. ಆ ಜಾಗಕ್ಕೆ ಪುಟ್ಟ ರೋಬೋಟ್ ಜಾಕಿ ಬಂತು. ತಂತ್ರಜ್ಞಾನ ಬಂದರೆ ಸಂಪ್ರದಾಯ ಸತ್ತೇಹೋಗುತ್ತದೆ ಎನ್ನುವವರು ಇದನ್ನು ನೆನೆಯಬೇಕು. ಅಲ್ಲಿ ಯಂತ್ರವೇ ಮಕ್ಕಳನ್ನು ಉಳಿಸಿತು, ಓಟವನ್ನೂ ಉಳಿಸಿತು.

ಲಾಭ ಎಲ್ಲಿ, ಅಪಾಯ ಎಲ್ಲಿ?

ಲಾಭ ಸ್ಪಷ್ಟ. ಗೆಲ್ಲುವ ಹೆಣ್ಣು ಓಡುತ್ತಲೇ ತಾಯಿಯಾಗಬಹುದು. ವಯಸ್ಸಾಗಿ ಗರ್ಭ ಹೊರಲಾಗದ ಹೆಣ್ಣಿನಿಂದಲೂ ಮರಿ ಪಡೆಯಬಹುದು. ಹೆರಿಗೆಯ ಅಪಾಯ ಅವಳಿಗಿಲ್ಲ. ಆದರೆ ಆ ಅಪಾಯ ಮಾಯವಾಗುವುದಿಲ್ಲ. ಬಾಡಿಗೆ ತಾಯಿಯ ಮೈಗೆ ವರ್ಗವಾಗುತ್ತದೆ. ಹದಿಮೂರು ತಿಂಗಳ ಹೊರೆ, ಹೆರಿಗೆ, ಹಾಲು, ಎಲ್ಲವೂ ಅವಳದು. ಅವಳ ಆರೈಕೆಗೆ ಏನು ನಿಯಮ ಎಂದು ಕೇಳುವವರು ಕಡಿಮೆ.

ಎರಡನೆಯ ಅಪಾಯ ಕಣ್ಣಿಗೆ ಕಾಣದ್ದು. ಎಲ್ಲರೂ ಅದೇ ನಾಲ್ಕು ಚಾಂಪಿಯನ್ನರ ಮರಿ ಬೇಕೆಂದರೆ ಕೆಲವೇ ತಲೆಮಾರಿನಲ್ಲಿ ಓಟದ ಒಂಟೆಗಳೆಲ್ಲ ಪರಸ್ಪರ ದಾಯಾದಿಗಳಾಗುತ್ತವೆ. ಸಗೋತ್ರದಲ್ಲಿ ಮದುವೆ ಬೇಡ ಎನ್ನುವ ನಮ್ಮ ಹಿರಿಯರ ಮಾತಿನ ಜೀವಶಾಸ್ತ್ರ ಇಲ್ಲಿ ಕೆಲಸ ಮಾಡುತ್ತದೆ: ಅಡಗಿದ್ದ ದೋಷಗಳು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಾಗ ರೋಗವಾಗಿ ಹೊರಬೀಳುತ್ತವೆ. ಅರಬ್ಬೀ ಕುದುರೆಗಳಲ್ಲಿ ಮರಿಗಳಿಗೆ ರೋಗನಿರೋಧಕ ಶಕ್ತಿಯೇ ಇಲ್ಲದೆ ಸಾಯುವ ಒಂದು ಆನುವಂಶಿಕ ರೋಗ ಹೀಗೆಯೇ ಹರಡಿತ್ತು. 1990ರ ದಶಕದ ಕೊನೆಯಲ್ಲಿ ಡಿಎನ್‌ಎ ಪರೀಕ್ಷೆ ಬಂದ ಮೇಲೆ ಅದನ್ನು ತಡೆಯುವ ದಾರಿ ಸಿಕ್ಕಿತು. ಹಿಂದೆ ಗಂಡು ಮಾತ್ರ ಹೀಗೆ ಹರಡಬಲ್ಲದಾಗಿತ್ತು. ಈಗ ಹೆಣ್ಣೂ ಹರಡಬಲ್ಲದು. ಆದ್ದರಿಂದ ಮಿತಿಯ ಮಾತು ಎರಡಕ್ಕೂ ಅನ್ವಯಿಸಬೇಕು.

ಬಾಲದ ಸಾಕ್ಷಿ

ಈ ನೆಲಕ್ಕೂ ನಮ್ಮ ನಾಡಿಗೂ ಪ್ರಾಣಿಗಳ ನಂಟು ಇಂದಿನದಲ್ಲ. ಸೂರ್ ಬಳಿಯ ಕಲ್ಹಾತ್ ಬಂದರಿನಿಂದ ಭಾರತಕ್ಕೆ ಕುದುರೆ ಹೋಗುತ್ತಿದ್ದುದನ್ನು ಮಾರ್ಕೊ ಪೋಲೊ ಬರೆದಿದ್ದಾನೆ. 2018ರಲ್ಲಿ ವಿಶ್ವ ಪರಂಪರೆಯ ತಾಣವಾದ ಆ ಪಾಳು ಊರನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಭಟ್ಕಳ, ಹೊನ್ನಾವರಗಳಲ್ಲಿ ಇಳಿದ ಅರಬ್ಬೀ ಕುದುರೆಗಳು ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. ಮುಂದೆ ಟಿಪ್ಪುವಿನ ವ್ಯಾಪಾರ ಕೋಠಿಯೂ ಮಸ್ಕತ್‌ನಲ್ಲಿತ್ತು.

ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ಸ್ವಾರಸ್ಯ ಬರೆದಿಟ್ಟಿದ್ದಾನೆ. ಕುದುರೆಗಾಗಿ ಹಾತೊರೆಯುತ್ತಿದ್ದ ಸಾಳುವ ನರಸಿಂಹ ಸಮುದ್ರದಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ; ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕು. ಅಂದು ಬಾಲ ಒಂದು ಸಾಕ್ಷಿ. ಇಂದೂ ಕುದುರೆಯ ಡಿಎನ್‌ಎ ಪರೀಕ್ಷೆಗೆ ಕಳಿಸುವುದು ಕೇಸರದ ಅಥವಾ ಬಾಲದ ಕೂದಲಿನ ಬೇರನ್ನೇ! ಐನೂರು ವರ್ಷ ಕಳೆದರೂ ನಂಬಿಕೆ ನಿಂತಿರುವುದು ಬಾಲದ ಕೂದಲಿನ ಮೇಲೆ. ವ್ಯತ್ಯಾಸವೆಂದರೆ ಅಂದಿನ ಬಾಲ ಯಾವ ಕುದುರೆಯದೆಂದು ಹೇಳುತ್ತಿರಲಿಲ್ಲ, ಇಂದಿನದು ಅದರ ತಾಯಿ ತಂದೆಯನ್ನೂ ಹೇಳುತ್ತದೆ.

ಊರಿನ ಕಡೆ ತಿರುಗಿ ನೋಡಿದರೆ

ಊರಿನ ಒಂದು ಮಾತಿನಿಂದ ಮುಗಿಸುತ್ತೇನೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿದ್ದ, ಟಿಪ್ಪು 'ಅಮೃತಮಹಲ್' ಎಂದು ಹೆಸರಿಟ್ಟ ನಮ್ಮ ದನಗಳು ಒಂದು ಕಾಲಕ್ಕೆ ಸೈನ್ಯದ ತೋಪುಗಳನ್ನು ಎಳೆಯುತ್ತಾ ವೇಗಕ್ಕೂ ತಾಳಿಕೆಗೂ ಹೆಸರಾಗಿದ್ದವು. ಇಂದು ಅವು ಅಪರೂಪ. ಅಜ್ಜಂಪುರದ ತಳಿ ಕೇಂದ್ರ ಮತ್ತು ಕೆಲವು ರೈತರು ಅವನ್ನು ಉಳಿಸಿಕೊಂಡಿದ್ದಾರೆ. ಅವು ಮೇಯುತ್ತಿದ್ದ ಕಾವಲುಗಳು ಕುಗ್ಗಿವೆ. ಚಳ್ಳಕೆರೆಯ ಕಾವಲಿನ ದೊಡ್ಡ ಭಾಗ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳದ್ದು.

ಒಂದೇ ವಿದ್ಯೆಯನ್ನು ಎರಡು ರೀತಿ ಬಳಸಬಹುದು. ಗೆದ್ದವರನ್ನೇ ಮತ್ತೆ ಮತ್ತೆ ಹುಟ್ಟಿಸಿ ತಳಿಯನ್ನು ಕಿರಿ ಮಾಡಬಹುದು. ಅಥವಾ ಅಳಿಯುತ್ತಿರುವ ತಳಿಯ ಹಲವು ಬೇರೆ ಬೇರೆ ತಾಯಂದಿರಿಂದ ಭ್ರೂಣ ಪಡೆದು, ಸಾಮಾನ್ಯ ಹಸುಗಳ ಹೊಟ್ಟೆಯಲ್ಲಿ ಬೆಳೆಸಿ ತಳಿಯನ್ನು ಹಿಗ್ಗಿಸಬಹುದು. ಯಾವುದಾಗುತ್ತದೆ ಎಂಬುದನ್ನು ನಿರ್ಧರಿಸುವುದು ಸೂಕ್ಷ್ಮದರ್ಶಕವಲ್ಲ, ನಾವು ಬರೆದುಕೊಳ್ಳುವ ನಿಯಮ. ಸುಪ್ರೀಂ ಕೋರ್ಟಿನ 2023ರ ತೀರ್ಪಿನ ನಂತರ ಕಂಬಳ ಮತ್ತು ಗಾಡಿ ಓಟಗಳಿಗೆ ಕಾನೂನಿನ ನೆಲೆ ಸಿಕ್ಕಿದೆ. ಓಡುವ ಪ್ರಾಣಿಯ ಬೆಲೆ ಏರಿದಂತೆ ಪ್ರಯೋಗಾಲಯ ಅಲ್ಲಿಗೂ ಬರಬಹುದು. ಒಂಟೆಯವರು ಮತ್ತು ಕುದುರೆಯವರು ಈಗಾಗಲೇ ಎದುರಿಸಿದ ಪ್ರಶ್ನೆಗಳನ್ನು ನಾವು ಮೊದಲೇ ಯೋಚಿಸಿಟ್ಟುಕೊಂಡರೆ ಒಳ್ಳೆಯದು: ಎಷ್ಟು ಮರಿಗೆ ಮಿತಿ, ತಾಯಿಯ ಹೆಸರಿಗೆ ಯಾವ ಪುರಾವೆ, ಹೊತ್ತವಳ ಆರೈಕೆಗೆ ಯಾರು ಹೊಣೆ.

ಮಗಳಿಗೆ ಇಷ್ಟೆಲ್ಲ ವಿವರಿಸಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಾಗಾದ್ರೆ ಆ ಕಪ್ಪೊಂಟೆಗೆ ಏನೂ ಹೆಸರಿಲ್ವಾ ಅಪ್ಪಾ?" ಮುಂದಿನ ಚಳಿಗಾಲದಲ್ಲಿ ಬರ್ಕಾಕ್ಕೆ ಹೋದಾಗ ಕೇಳೋಣ ಎಂದಿದ್ದೇನೆ.